ಜಪಾನಿನ ದೆವ್ವದ ಕಥೆ ಹೇಳುವುದು ಹೇಗೆ?

ಜಪಾನಿನಲ್ಲಿ ದೆವ್ವದ ಕಥೆಗೆ ಬೇಸಿಗೆಯೇ ಕಾಲ. ಅಗಲಿದ ಹಿರಿಯರು ಮನೆಗೆ ಬಂದು ಹೋಗುತ್ತಾರೆಂದು ನಂಬುವ ಓಬೊನ್ ಹಬ್ಬ ಬರುವುದೂ ಆಗಲೇ. ಸೆಕೆಯ ರಾತ್ರಿ ಮೈ ಜುಮ್ಮೆನ್ನಿಸುವ ಕಥೆ ಕೇಳಿದರೆ ತಂಪು ಎಂಬ ಲೆಕ್ಕಾಚಾರವೂ ಉಂಟು. 'ಕೈದಾನ್' ಎನ್ನುವ ಈ ಕಥೆಗಳನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದಿದ್ದರೆ, ಮೊದಲು ಕೈಯಲ್ಲಿರುವ ಪುಸ್ತಕವನ್ನು ಕೆಳಗಿಡಿ.

1890ರಲ್ಲಿ ಜಪಾನಿಗೆ ಹೋಗಿ ಅಲ್ಲೇ ನೆಲೆಸಿದ ಲೇಖಕ ಲಫ್ಕಾಡಿಯೋ ಹರ್ನ್ ಅವರಿಗೆ ಕಥೆಗಳನ್ನು ಹೇಳುತ್ತಿದ್ದವರು ಪತ್ನಿ ಕೊಯಿಜುಮಿ ಸೆತ್ಸು. ಪುಸ್ತಕ ನೋಡಿಕೊಂಡು ಹೇಳಕೂಡದು, ನಿನ್ನದೇ ಮಾತಿನಲ್ಲಿ ಹೇಳು ಎಂದು ಹರ್ನ್ ಪಟ್ಟು ಹಿಡಿಯುತ್ತಿದ್ದರೆಂದು ಸೆತ್ಸು ನೆನಪಿಸಿಕೊಂಡಿದ್ದಾರೆ. 1904ರಲ್ಲಿ ಅಚ್ಚಾದ ಹರ್ನ್ ಅವರ ಸಂಗ್ರಹ ಇಂದಿಗೂ ಓದಿಸಿಕೊಳ್ಳುತ್ತಿದ್ದರೆ, ಅದರ ಹಿಂದೆ ಆ ಬಾಯಿಮಾತಿನ ಪಾಲು ದೊಡ್ಡದು.

ಮೊದಲ ಸಲಕ್ಕೆ ಆ ಸಂಗ್ರಹದ 'ಮುಜಿನಾ' ಸಾಕು. ಪುಟ್ಟ ಕಥೆ, ಪಾತ್ರಗಳು ಮೂರೇ. ತೋಕಿಯೋದ ಅಕಾಸಾಕಾ ಬಳಿಯ ಏರುದಾರಿ. ಒಂದು ಪಕ್ಕ ಹಳೆಯ ಕಂದಕ, ಇನ್ನೊಂದು ಪಕ್ಕ ಅರಮನೆಯ ಎತ್ತರದ ಗೋಡೆ. ಹೊತ್ತು ಮೀರಿ ಮನೆಗೆ ಹೊರಟ ಮುದುಕ ವ್ಯಾಪಾರಿಗೆ ಕಂದಕದ ಅಂಚಿನಲ್ಲಿ ಕುಳಿತು ಬಿಕ್ಕುತ್ತಿರುವ ಹೆಣ್ಣೊಬ್ಬಳು ಕಾಣುತ್ತಾಳೆ. ಸಮಾಧಾನ ಹೇಳಿ ಹೆಗಲ ಮೇಲೆ ಕೈಯಿಟ್ಟರೆ, ಅವಳು ತಿರುಗಿ, ಮುಚ್ಚಿದ್ದ ತೋಳನ್ನು ಇಳಿಸಿ, ಅಂಗೈಯಿಂದ ಮುಖ ಸವರಿಕೊಳ್ಳುತ್ತಾಳೆ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಎದ್ದುಬಿದ್ದು ಓಡಿದ ಮುದುಕ ದೂರದ ಲಾಂದ್ರದ ಬೆಳಕು ಕಂಡು ಸೋಬಾ ಶ್ಯಾವಿಗೆ ಮಾರುವವನ ಕಾಲಿಗೆ ಬೀಳುತ್ತಾನೆ. "ಅವಳು ನಿನಗೆ ತೋರಿಸಿದ್ದು ಹೀಗಿತ್ತೇ?" ಎನ್ನುತ್ತಾ ಅವನೂ ಮುಖ ಸವರಿಕೊಳ್ಳುತ್ತಾನೆ. ಮೊಟ್ಟೆಯಂಥ ಮುಖ. ದೀಪ ಆರುತ್ತದೆ.

ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ದಾರಿ, ಅಳು, ಕೈ, ಓಟ, ಲಾಂದ್ರ, ಕೈ: ಇಷ್ಟು ಕ್ರಮವಾಗಿ ನೆನಪಿದ್ದರೆ ಮಾತು ತಾನಾಗಿ ಬರುತ್ತದೆ. ಮುದುಕ ಅವಳನ್ನು ಮಾತನಾಡಿಸುವ ಭಾಗದಲ್ಲಿ ಮಾತ್ರ ಅವಸರ ಬೇಡ. "ಅಳಬೇಡಮ್ಮಾ" ಎನ್ನುವುದನ್ನು ಪ್ರತಿ ಸಲವೂ ದನಿ ತಗ್ಗಿಸುತ್ತಾ ಹೇಳಿ. ಮುಖ ಸವರುವ ಅಭಿನಯವನ್ನು ಎರಡೂ ಸಲ ಒಂದೇ ನಿಧಾನದಲ್ಲಿ ಮಾಡಬೇಕು. ಎರಡನೆಯ ಸಲ ನಿಮ್ಮ ಕೈ ಮೇಲೇಳುವಾಗಲೇ ಕೇಳುಗರಿಗೆ ಗೊತ್ತಾಗಿರುತ್ತದೆ, ಹೆದರಿಕೆ ಹುಟ್ಟುವುದು ಆ ಗೊತ್ತಾಗುವಿಕೆಯಲ್ಲಿ. ಕೊನೆಯ ಮಾತಿಗೆ ಸರಿಯಾಗಿ ದೀಪ ಆರಿಸಲು ಸ್ವಿಚ್ಚಿನ ಬಳಿ ಒಬ್ಬರನ್ನು ಮೊದಲೇ ಕೂರಿಸಿ. ಕಿರುಚಿ ಹೆದರಿಸುವುದು ಅಗ್ಗದ ಉಪಾಯ. ಬೆಚ್ಚಿಬಿದ್ದವರು ಮರುಕ್ಷಣ ನಕ್ಕುಬಿಡುತ್ತಾರೆ, ಕಥೆ ಅಲ್ಲಿಗೆ ಮುಗಿಯಿತು.

ಪಾತ್ರಕ್ಕೊಂದು ಗಂಟಲು ಬದಲಿಸುವ ಮಿಮಿಕ್ರಿಯೂ ಬೇಡ. ಒಬ್ಬರೇ ಇಡೀ ಕಥೆ ಹೇಳುವ ಜಪಾನಿನ ರಾಕುಗೊ ಕಲಾವಿದರು ದಿಂಬಿನ ಮೇಲೆ ಕುಳಿತಲ್ಲೇ ತಲೆಯನ್ನು ಎಡಕ್ಕೂ ಬಲಕ್ಕೂ ತುಸು ಹೊರಳಿಸಿ ಇಬ್ಬರ ಮಾತುಕತೆ ನಡೆಸುತ್ತಾರೆ. ಬೀಸಣಿಗೆ ಮತ್ತು ಕೈವಸ್ತ್ರವೇ ಅವರ ಸಾಮಾನು. ಅವರಲ್ಲಿ ದೆವ್ವದ ಕಥೆಗೆ ಹೆಸರಾದವರು ಸಾನ್‌ಯೂತೆಯಿ ಎಂಚೋ (1839–1900). ಅವರು ಹೇಳಿದ ಪಿಯೋನಿ ಹೂವಿನ ಲಾಂದ್ರದ ಕಥೆಯಲ್ಲಿ ಸತ್ತ ಪ್ರೇಯಸಿ ಬರುವುದು ಮರದ ಪಾದುಕೆಯ ಸದ್ದಿನೊಂದಿಗೆ: ಕರನ್, ಕೊರೊನ್. ಇಂಥ ಸದ್ದನ್ನು ಹಾಗೆಯೇ ಉಳಿಸಿಕೊಳ್ಳಿ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಕೇಳಿಸಿದರೆ ವರ್ಣನೆಯ ಕೆಲಸ ಅರ್ಧ ಮುಗಿದಂತೆ.

ಪುರಾಣ ಹೇಳುವ ಆಸೆಯಿದ್ದರೆ 712ರ 'ಕೊಜಿಕಿ'ಯಲ್ಲಿರುವ ಇಜಾನಾಗಿ ದೇವರ ಪ್ರಸಂಗ ಆರಿಸಿ. ಆ ಗ್ರಂಥವೂ ಹಿಯೆದಾ ನೊ ಆರೆ ಎಂಬುವರು ನೆನಪಿನಲ್ಲಿಟ್ಟುಕೊಂಡಿದ್ದನ್ನು ಬರೆದಿಟ್ಟದ್ದು. ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಹೋದ ಇಜಾನಾಗಿಗೆ, ನನ್ನನ್ನು ನೋಡಬೇಡ ಎಂದು ಅವಳು ಹೇಳಿರುತ್ತಾಳೆ. ತಾಳ್ಮೆಗೆಟ್ಟ ಅವನು ಬಾಚಣಿಗೆಯ ಹಲ್ಲೊಂದನ್ನು ಮುರಿದು ಹೊತ್ತಿಸುತ್ತಾನೆ. ಇಲ್ಲಿ ನಿಮಗೆ ಬೇಕಾದದ್ದು ಮುಜಿನಾದ ತಿರುವುಮುರುವು: ಇಡೀ ಕಥೆ ಕತ್ತಲಲ್ಲಿ ಹೇಳಿ, ಆ ಗಳಿಗೆಗೆ ಒಂದೇ ಒಂದು ಬೆಂಕಿಕಡ್ಡಿ ಗೀರಿ. ಹುಳು ಹರಿದಾಡುವ ದೇಹದ ಬಣ್ಣನೆ ಕಡ್ಡಿ ಉರಿಯುವಷ್ಟು ಹೊತ್ತು ಸಾಕು.

ಹರ್ನ್ ಸಂಗ್ರಹದಲ್ಲೇ ಇರುವ, ಸತ್ತವರ ಮುಂದೆ ಹಾಡುವ ಕುರುಡ ಗಾಯಕ ಹೋಯಿಚಿಯ ಕಥೆಗೆ ಮಾತ್ರ ಮುನ್ನುಡಿ ಬೇಕು. 1185ರ ದಾನ್-ನೊ-ಉರಾ ಕದನದಲ್ಲಿ ಹೇಯ್ಕೆ ವಂಶ ಬಾಲ ಚಕ್ರವರ್ತಿಯ ಸಮೇತ ಕಡಲುಪಾಲಾಯಿತು ಎಂದು ಮೊದಲೇ ತಿಳಿಸದಿದ್ದರೆ, ಅವನ ಹಾಡು ಕೇಳಿ ಅಳುವವರು ಯಾರೆಂದು ಯಾರಿಗೂ ಹೊಳೆಯುವುದಿಲ್ಲ.

ಇಷ್ಟು ಪಳಗಿದ ಮೇಲೆ ಕೂಟ ಕರೆಯಬಹುದು. ಎದೋ ಕಾಲದಲ್ಲಿ (1603–1868) ನೂರು ಕಥೆಗಳ ಕೂಟ ನಡೆಯುತ್ತಿತ್ತು. ಅದರ ಕ್ರಮ 1666ರಲ್ಲಿ ಅಚ್ಚಾದ ಅಸಾಯಿ ರ್ಯೋಯಿಯ ಸಂಗ್ರಹದಲ್ಲಿದೆ: ಕತ್ತಲ ರಾತ್ರಿ, ನೀಲಿ ಕಾಗದ ಹೊದಿಸಿದ ದೀಪ, ನೂರು ಬತ್ತಿ. ಕಥೆಗೊಂದರಂತೆ ಬತ್ತಿ ಆರಿಸುತ್ತಾ ಹೋಗಬೇಕು. ನೂರನೆಯದು ಆರಿದರೆ ನಿಜವಾದದ್ದೇನೋ ಬರುತ್ತದೆಂಬ ಭಯದಿಂದ ತೊಂಬತ್ತೊಂಬತ್ತಕ್ಕೆ ನಿಲ್ಲಿಸುವುದೂ ಇತ್ತು. ಮನೆಯಲ್ಲಿ ಹತ್ತು ಹಣತೆ ಧಾರಾಳವಾಯಿತು. ಹಣತೆಗೆ ನೀಲಿ ಕಾಗದ ಸುತ್ತುವ ಸಾಹಸ ಬೇಡ, ಬೆಂಕಿ ಹತ್ತೀತು. ಉದ್ದದ ಕಥೆಗಳನ್ನು ಮೊದಲೇ ಮುಗಿಸಿ. ಹಣತೆ ಕಡಿಮೆಯಾದಂತೆ ಕಥೆಯೂ ಗಿಡ್ಡವಾಗಲಿ, ಮುಜಿನಾ ಕೊನೆಗಿರಲಿ. ಚಿಕ್ಕ ಮಕ್ಕಳಿದ್ದರೆ ಮುಖವಿಲ್ಲದವರ ಸಹವಾಸವೇ ಬೇಡ. ಹೊಳೆಯಲ್ಲಿ 'ದೊನ್‌ಬುರಾಕೊ, ದೊನ್‌ಬುರಾಕೊ' ಎಂದು ತೇಲಿಬರುವ ಪೀಚ್ ಹಣ್ಣಿನಿಂದ ಹುಟ್ಟಿದ ಮೊಮೊತಾರೋನ ಕಥೆ ಹೇಳಿ, ಆ ಸದ್ದನ್ನು ಅವರಿಂದಲೇ ಮಾಡಿಸಿ.