ಕೋಳಿ ಭ್ರೂಣದಲ್ಲಿ ಇ. ಕೋಲಿ ಎಷ್ಟು ಉಗ್ರ ಅಂತ ನೋಡಿದ್ದು: ನನ್ನ ಅನುಭವ

ನನ್ನ ಹತ್ತಿರ ಕೋಳಿಗಳಿಂದ ತೆಗೆದ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ತಳಿಗಳಿದ್ದವು. ಪಿಸಿಆರ್ (ಯಾವ ಜೀನ್ ಇದೆ ಅಂತ ಪತ್ತೆಮಾಡುವ ಡಿಎನ್ಎ ಪರೀಕ್ಷೆ) ಮಾಡಿದರೆ ಹಲವು ತಳಿಗಳಲ್ಲಿ ಅವೇ ವಿರುಲೆನ್ಸ್ ಜೀನ್‌ಗಳು, ಅಂದರೆ ರೋಗ ತರಲು ನೆರವಾಗುವ ಜೀನ್‌ಗಳು. ಆದರೆ ಜೀನ್ ಇದೆ ಅಂದ ಮಾತ್ರಕ್ಕೆ ರೋಗ ತರುತ್ತೆ ಅಂತ ಹೇಳೋಕಾಗಲ್ಲ ಅಲ್ವಾ? ಅದಕ್ಕೇ ಮೊಟ್ಟೆಯೊಳಗಿನ ಭ್ರೂಣದಲ್ಲಿ ನೋಡೋಣ ಅಂತ ಹೊರಟೆ. 12 ದಿನದ ಭ್ರೂಣ, ಅಲಾಂಟೋಯಿಕ್ ಚೀಲಕ್ಕೆ (ಭ್ರೂಣದ ತ್ಯಾಜ್ಯ ಸೇರುವ ದ್ರವದ ಚೀಲ) 0.1 ಮಿ.ಲೀ. ದ್ರಾವಣ, ಅದರಲ್ಲಿ ನೂರಿನ್ನೂರು ಜೀವಂತ ಬ್ಯಾಕ್ಟೀರಿಯಾ. ಆಮೇಲೆ ನಾಲ್ಕು ದಿನ ಎಷ್ಟು ಸಾಯುತ್ತವೆ ಅಂತ ಎಣಿಸುವುದು.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಹೋಲಿಕೆಗೆ ಅಂತ ಬರೀ ಪಿಬಿಎಸ್ (ಬ್ಯಾಕ್ಟೀರಿಯಾ ಇಲ್ಲದ ಉಪ್ಪು ದ್ರಾವಣ) ಹಾಕಿದ ಮೊಟ್ಟೆಗಳೂ ಸತ್ತಿದ್ದವು. ಸೂಜಿ ತುಂಬಾ ಆಳಕ್ಕೆ ಹೋಗುತ್ತಿತ್ತು, ಚಿಪ್ಪಿಗೆ ಒರೆಸಿದ ಆಲ್ಕೋಹಾಲ್ ಆರುವ ಮೊದಲೇ ತೂತು ಮಾಡುತ್ತಿದ್ದೆ. ಈಗ ಮೊದಲು ದೀಪಕ್ಕೆ ಹಿಡಿದು ಗಾಳಿಗೂಡಿನ ಅಂಚನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತೇನೆ, ದಪ್ಪ ರಕ್ತನಾಳ ಇಲ್ಲದ ಕಡೆ ನೋಡಿ ಅಂಚಿನ ಸ್ವಲ್ಪ ಮೇಲೆ ತೂತು ಮಾಡಿ, ಚುಚ್ಚಿದ ತಕ್ಷಣ ಮೇಣದಿಂದ ಮುಚ್ಚುತ್ತೇನೆ.

ಎರಡನೇ ಸುತ್ತಿನಲ್ಲಿ ಪಿಬಿಎಸ್ ಮೊಟ್ಟೆಗಳು ಉಳಿದವು, ಆದರೆ ಹೋಲಿಕೆಗೆ ನಿರುಪದ್ರವಿ ಅಂತ ಇಟ್ಟುಕೊಂಡಿದ್ದ ಕೆ-12 ಎಂಬ ಪ್ರಯೋಗಾಲಯದ ಇ. ಕೋಲಿ ತಳಿಯೂ ಭ್ರೂಣಗಳನ್ನು ಕೊಂದಿತು. ತಲೆಕೆಟ್ಟು ಹೋಯಿತು. ಮಿಕ್ಕಿದ್ದ ದ್ರಾವಣವನ್ನು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹಾಕಿದ್ದೆ, ಮರುದಿನ ಅದರಲ್ಲಿ ಎಣಿಸಲಾಗದಷ್ಟು ಕಾಲೊನಿಗಳು (ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆಗಳು). ದ್ರಾವಣವನ್ನು ಹಂತಹಂತವಾಗಿ ತೆಳು ಮಾಡುವಾಗ (ಡೈಲ್ಯೂಷನ್) ಪ್ರತಿ ಹಂತಕ್ಕೂ ಪಿಪೆಟ್‌ನ ಟಿಪ್ ಬದಲಾಯಿಸಿರಲಿಲ್ಲ, ಹಳೆ ಟಿಪ್‌ನಲ್ಲಿ ಅಂಟಿದ್ದ ಬ್ಯಾಕ್ಟೀರಿಯಾ ಮುಂದಿನ ಹಂತಕ್ಕೂ ಹೋಗಿತ್ತು. ಡೋಸ್ ಅಷ್ಟು ಜಾಸ್ತಿಯಾದರೆ ಉಗ್ರ ತಳಿಗೂ ಸಾಧು ತಳಿಗೂ ವ್ಯತ್ಯಾಸವೇ ಕಾಣಲ್ಲ. ಈಗ ದ್ರಾವಣವನ್ನು ಐಸ್ ಮೇಲೆ ಇಟ್ಟುಕೊಂಡು, ಮೊದಲ ಮೊಟ್ಟೆಗೆ ಮುಂಚೆ ಒಮ್ಮೆ, ಕೊನೆಯ ಮೊಟ್ಟೆಯ ನಂತರ ಒಮ್ಮೆ ಪ್ಲೇಟ್ ಮಾಡುತ್ತೇನೆ. ಓ.ಡಿ. (ದ್ರಾವಣ ಎಷ್ಟು ಮಬ್ಬಾಗಿದೆ ಎಂಬ ಅಳತೆ) ನೋಡಿ ಅಂದಾಜು ಮಾಡಿದ್ದನ್ನು ಡೋಸ್ ಅಂತ ಬರೆಯುವುದನ್ನು ಬಿಟ್ಟೇಬಿಟ್ಟೆ.

ದಿನಾ ಕ್ಯಾಂಡ್ಲಿಂಗ್ ಮಾಡುವಾಗ, ಅಂದರೆ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವಾಗ, ಅವಸರ ಬೇಡ. ಬದುಕಿರುವ ಮೊಟ್ಟೆಯಲ್ಲಿ ಕೆಂಪು ನಾಳಗಳ ಬಲೆ ಸ್ಪಷ್ಟ, ಒಂದು ನಿಮಿಷ ಸುಮ್ನೆ ಹಿಡಿದುಕೊಂಡಿದ್ದರೆ ಒಳಗೆ ಕಪ್ಪು ನೆರಳು ಮಿಸುಕುತ್ತದೆ. ಸತ್ತಿದ್ದರೆ ನಾಳಗಳು ಮಸುಕಾಗಿ, ನೆರಳು ಮೊಟ್ಟೆ ಓರೆ ಮಾಡಿದ ಕಡೆಗೆ ಜಾರುತ್ತದೆ. ವೈರಸ್ ಕೆಲಸದವರು ಮೊದಲ 24 ಗಂಟೆಯ ಸಾವನ್ನು ಸೂಜಿಯ ಗಾಯ ಅಂತ ಲೆಕ್ಕದಿಂದ ಬಿಡುತ್ತಾರೆ. ಇ. ಕೋಲಿಗೆ ಹಾಗೆ ಮಾಡಬಾರದು ಅಂತ ನನ್ನ ಅಭಿಪ್ರಾಯ, ಏಕೆಂದರೆ ಉಗ್ರ ತಳಿ ಒಂದೇ ದಿನದಲ್ಲಿ ಕೊಲ್ಲಬಲ್ಲದು. ಪಿಬಿಎಸ್ ಗುಂಪಿನಲ್ಲಿ ಆ ದಿನ ಒಂದೂ ಸಾಯದಿದ್ದರೆ ನಾನು ಆ ಸಾವುಗಳನ್ನು ಎಣಿಸುತ್ತೇನೆ. ಪ್ರತಿ ಸತ್ತ ಭ್ರೂಣದ ದ್ರವವನ್ನೂ ಮ್ಯಾಕ್‌ಕಾಂಕಿ ಪ್ಲೇಟಿನ ಮೇಲೆ (ಇದರಲ್ಲಿ ಇ. ಕೋಲಿ ಗುಲಾಬಿ ಬಣ್ಣಕ್ಕೆ ಬೆಳೆಯುತ್ತದೆ) ಗೀರಿ, ಗುಲಾಬಿ ಕಾಲೊನಿ ಬಂತಾ, ಬೇರೆ ಏನಾದರೂ ಸೇರಿದೆಯಾ ಅಂತ ನೋಡುತ್ತೇನೆ.

ಮರಿ ಹೊರಬರಲು 21 ದಿನ ಬೇಕು, ನನ್ನ ಪ್ರಯೋಗ 16ನೇ ದಿನಕ್ಕೆ ಮುಗಿಯುತ್ತದೆ. ಅದನ್ನು ಒಂದು ದಿನವೂ ಮುಂದಕ್ಕೆ ಎಳೆಯುವುದಿಲ್ಲ. ಅದೊಂದು ಜೀವ, ಬೇಕಾದ್ದಕ್ಕಿಂತ ಒಂದು ಮೊಟ್ಟೆಯನ್ನೂ ಹೆಚ್ಚಿಗೆ ತರಬಾರದು.

ಮೂರನೇ ಸುತ್ತಿನಲ್ಲಿ ಕೊನೆಗೂ ಉತ್ತರ ಸಿಕ್ಕಿತು. ಪಿಸಿಆರ್‌ನಲ್ಲಿ ಒಂದೇ ಥರ ಕಂಡಿದ್ದ ಎರಡು ತಳಿಗಳಲ್ಲಿ ಒಂದು ಹೆಚ್ಚುಕಮ್ಮಿ ಎಲ್ಲವನ್ನೂ ಕೊಂದಿತ್ತು, ಇನ್ನೊಂದರಲ್ಲಿ ಬಹುಪಾಲು ಬದುಕಿದ್ದವು. ಸತ್ತವನ್ನು ತೆರೆದಾಗ ತಲೆಯ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಕಡುಗೆಂಪಾಗಿತ್ತು, ಪಿಬಿಎಸ್ ಭ್ರೂಣಗಳ ತಲೆ ತಿಳಿಯಾಗಿತ್ತು.