ಒಂದೇ ಜರಡಿಯಲ್ಲಿ ಪಾನಕವೂ ಸಸಿಯೂ

ಗಜನಿ, ಅಂದರೆ ಅಳಿವೆ ದಂಡೆಯ ಉಪ್ಪುನೀರಿನ ಗದ್ದೆ; ಅದರ ಬಂಡು (ಮಣ್ಣಿನ ಒಡ್ಡು) ಕೊಚ್ಚಿಹೋಗದಂತೆ ಹೊರಮೈಗೆ ಕಾಂಡ್ಲಾ (ಮ್ಯಾಂಗ್ರೋವ್) ಹಚ್ಚಬೇಕು ಅಂದಕೂಡಲೇ ನಮ್ಮ ಕಡೆ ಎಲ್ಲರೂ ತೋರಿಸುವುದು ಉದ್ದ ಕೋಡಿನ ಜಾತಿಯನ್ನು. ಮರದಲ್ಲೇ ಮೊಳೆತ ಕೋಡು ಆರಿಸಿ ತಂದು ಕೆಸರಿಗೆ ಚುಚ್ಚಿದರೆ ಕೆಲಸ ಮುಗಿಯಿತು. ನಾನು ಹಿಡಿದದ್ದು ಹಣ್ಣು ಬಿಡುವ ಕಾಂಡ್ಲಾ, ಮ್ಯಾಂಗ್ರೋವ್ ಆಪಲ್ ಎಂದು ಪುಸ್ತಕದಲ್ಲಿ ಬರೆಯುವ ಸೊನರೇಶಿಯಾ ಕ್ಯಾಸಿಯೋಲಾರಿಸ್. ಕಾರಣ ಎರಡು. ನಮ್ಮ ಜಾಗ ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಅಳಿವೆಯಿಂದ ಸಾಕಷ್ಟು ಮೇಲಕ್ಕಿದೆ. ಮಳೆಗಾಲದಲ್ಲಿ ನೀರು ಸಪ್ಪೆಯಾಗುತ್ತದೆ, ಈ ಮರಕ್ಕೆ ಅಂಥದ್ದೇ ನೀರು ಬೇಕು. ಇನ್ನೊಂದು, ಇದರ ಹಣ್ಣು ತಿನ್ನಲು ಬರುತ್ತದೆ. ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ತಡೆಯುತ್ತದೆ ನಿಜ, ಬಂಡೇ ಕೊಚ್ಚಿಹೋದ ಮೇಲೆ ಯಾವ ಭತ್ತ ಏನು ಮಾಡೀತು?

"ತಂಗೀ, ರಾತ್ರಿ ಬಾವಲಿ ಎರಗೂ ಮರ ಅದು, ಅದ್ರ ಕಾಯಿ ನಿಂಗೆಂತಕ್ಕೆ?" ಎಂದು ದೋಣಿಯ ಅಣ್ಣ ನಕ್ಕಿದ್ದ. ಬಾವಲಿ ಬರುವುದು ಹೂವಿಗೆ. ಹೂ ಸಂಜೆ ಕತ್ತಲಾದ ಮೇಲೆ ಅರಳುತ್ತದೆ, ಬೆಳಗಾಗುವಷ್ಟರಲ್ಲಿ ಕೆಂಪು ಕೇಸರಗಳೆಲ್ಲ ಉದುರಿ ನೀರಿನ ಮೇಲೆ ತೇಲುತ್ತಿರುತ್ತವೆ. ಮರ ಎಲ್ಲಿದೆ ಎಂದು ನಾನು ಪತ್ತೆ ಹಚ್ಚುವುದು ಹೀಗೆ ತೇಲಿಬಂದ ಕೇಸರ ನೋಡಿಕೊಂಡೇ.

ಹಣ್ಣನ್ನು ಗುರುತಿಸುವುದರಲ್ಲಿ ಮಾತ್ರ ಉದಾಸೀನ ಬೇಡ. ಹೊಳೆದಂಡೆಯಲ್ಲೇ ಸೆರ್ಬೆರಾ ಒಡೊಲ್ಲಮ್ ಎಂಬ ಮರವೂ ಇರುತ್ತದೆ, ಕೇರಳದವರ ಒದಳಂ. ಅದರ ಕಾಯಿಯೂ ಹಸಿರು, ದುಂಡು. ಒಳಗಿನ ಬೀಜ ಎದೆಬಡಿತವನ್ನೇ ನಿಲ್ಲಿಸುವಂಥ ವಿಷ. ಅದನ್ನು ಕಿತ್ತರೆ ತೊಟ್ಟಿನಲ್ಲಿ ಹಾಲು ಜಿನುಗುತ್ತದೆ. ನಮ್ಮ ಹಣ್ಣಿನಲ್ಲಿ ಹಾಲಿಲ್ಲ. ಇದು ಮೇಲೆ-ಕೆಳಗೆ ಒತ್ತಿದಂತೆ ಚಪ್ಪಟೆ, ಐದಾರು ಸೆಂಟಿಮೀಟರ್ ಅಗಲ. ಬುಡದಲ್ಲಿ ಆರರಿಂದ ಎಂಟು ಎಸಳಿನ ಗಟ್ಟಿ ಪುಷ್ಪಪಾತ್ರೆ ನಕ್ಷತ್ರ ಬಿಡಿಸಿದ ಹಾಗೆ ಚಾಚಿಕೊಂಡಿರುತ್ತದೆ, ತುದಿಯಲ್ಲಿ ಸೂಜಿಯಷ್ಟು ಸಣ್ಣ ಕೊಕ್ಕು. ಆ ನಕ್ಷತ್ರ ಕಾಣದಿದ್ದರೆ ನಾನು ಮುಟ್ಟುವುದಿಲ್ಲ. ಅಳಿವೆ ಬಾಯಿಯ ಹತ್ತಿರ ಇದರದೇ ದಾಯಾದಿ ಸೊನರೇಶಿಯಾ ಆಲ್ಬಾ ಸಿಗುತ್ತದೆ: ಕೇಸರ ಬಿಳಿ, ಪುಷ್ಪಪಾತ್ರೆ ಬಟ್ಟಲಿನಾಕಾರ. ಅದೂ ತಿನ್ನುವ ಜಾತಿಯೇ, ಆದರೆ ಅದಕ್ಕೆ ಉಪ್ಪು ಹೆಚ್ಚಿದ್ದಲ್ಲೇ ಹಿತ. ನಮ್ಮ ಬಂಡಿಗೆ ಅದು ಬೇಡ.

ಮರ ಹತ್ತಿ ಕೊಯ್ಯುವ ಪ್ರಮೇಯವೇ ಇಲ್ಲ. ಕಾಂಡ್ಲಾ ಇರುವ ಜಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಕಾನೂನಿನಲ್ಲಿ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರಿದ್ದು, ಕೊಂಬೆ ಮುರಿಯುವ ಉಸಾಬರಿ ಯಾರಿಗೂ ಬೇಡ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೂ ಸೇರಿದೆ. ಹಣ್ಣು ತಾನೇ ಉದುರಿ ತೇಲುತ್ತದೆ. ಇಳಿತದಲ್ಲಿ ಬೇರಿನ ಗೂಟಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವುದನ್ನು ಹೆಕ್ಕಿದರೆ ಬುಟ್ಟಿ ತುಂಬುತ್ತದೆ. ಒತ್ತಿದರೆ ಬೆರಳು ಇಳಿಯುವಷ್ಟು ಮೆತ್ತಗಿದ್ದು, ಸಿಪ್ಪೆ ಒಡೆಯದೆ ಇರುವುದನ್ನು ಮಾತ್ರ ತರುತ್ತೇನೆ. ವಾಸನೆ ಹಳೇ ಹುಳಿಮಜ್ಜಿಗೆಯ ಹಾಗೆ. ಮೊದಲ ಸಲ ಮೂಸಿದವರು ಮುಖ ಸಿಂಡರಿಸುತ್ತಾರೆ. ರುಚಿ ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಪಾನಕದ ಕ್ರಮ ಶ್ರೀಲಂಕಾದ್ದು. ಅಲ್ಲಿ ಇದನ್ನು ಕಿರಲ ಎನ್ನುತ್ತಾರೆ, ತಿರುಳಿಗೆ ತೆಂಗಿನ ಹಾಲು, ಸಿಹಿ ಬೆರೆಸಿ ಕುಡಿಯುತ್ತಾರೆ. ನಾನು ಹಣ್ಣು ತೊಳೆದು, ನಕ್ಷತ್ರದ ಭಾಗ ಕಿತ್ತು, ಸಿಪ್ಪೆ ಸುಲಿದುಬಿಡುತ್ತೇನೆ. ಒಗರೆಲ್ಲ ಇರುವುದು ಸಿಪ್ಪೆಯಲ್ಲೇ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕೈಯಲ್ಲೇ ಕಿವುಚುವುದು. ಮಿಕ್ಸಿಗೆ ಹಾಕಲೇಬಾರದು: ಬೀಜ ಒಡೆದರೆ ಪಾನಕ ಕಹಿ, ಬಿತ್ತಲು ಬೀಜವೂ ಇಲ್ಲ. ಜರಡಿಯಲ್ಲಿ ಸೋಸಿ ಕೆಳಗೆ ಇಳಿದ ರಸಕ್ಕೆ ಜೋನಿಬೆಲ್ಲ (ನೀರುಬೆಲ್ಲ), ಚಿಟಿಕೆ ಉಪ್ಪು, ಏಲಕ್ಕಿ. ತೆಂಗಿನ ಹಾಲು ಕುಡಿಯುವ ಹೊತ್ತಿಗೆ ಸೇರಿಸಬೇಕು, ಮುಂಚೆಯೇ ಹಾಕಿಟ್ಟರೆ ಹುಳಿಗೆ ಒಡೆಯುತ್ತದೆ. ತಿರುಳು ಬೇಗ ಕಂದುಬಣ್ಣಕ್ಕೆ ತಿರುಗುವುದರಿಂದ ಮಾಡಿದ ದಿನವೇ ಖಾಲಿ ಮಾಡುವುದು ಒಳ್ಳೆಯದು.

ಬಲಿತ ಕಾಯಿ ಅಡುಗೆಗೆ ಇನ್ನೂ ಚೆನ್ನ. ಸುಂದರಬನದ ಜನ ಇದರ ಬಳಗದ ಕೇವಡಾ ಕಾಯಿಯನ್ನು ಬೇಳೆಗೂ ಮೀನಿಗೂ ಹುಳಿಯಾಗಿ ಹಾಕುತ್ತಾರೆ, ಉಪ್ಪಿನಕಾಯಿ ಮಾಡುತ್ತಾರೆ. ನಮ್ಮನೆಯಲ್ಲಿ ಶೆಟ್ಲಿ (ಸಿಗಡಿ) ಸಾರಿಗೆ ಹಾಕಿ ನೋಡಿದೆವು. ಮುರುಗಲು ಸಿಪ್ಪೆಯ ಹುಳಿಗಿಂತ ಮೆದು, ಕೊನೆಯಲ್ಲಿ ಸ್ವಲ್ಪ ಒಗರು. ಅತ್ತೆಯವರು "ಪರವಾಗಿಲ್ಲ, ಆದ್ರೆ ಬಂಗಡೆಗೆ ಇದನ್ನ ತರಬೇಡ" ಎಂದು ತೀರ್ಪು ಕೊಟ್ಟರು. ನನ್ನದೂ ಅದೇ ಅಭಿಪ್ರಾಯ.

ಈಗ ಜರಡಿಯ ಮೇಲೆ ಉಳಿದದ್ದು. ಒಂದೊಂದು ಹಣ್ಣಿನಲ್ಲಿ ನೂರಾರು ಬೀಜ, ಸಣ್ಣವು, ಅಂಕುಡೊಂಕು, ನಾರಿನ ತಿರುಳಿಗೆ ಅಂಟಿಕೊಂಡಿರುತ್ತವೆ. ಕೋಡಿನ ಕಾಂಡ್ಲಾದ ಹಾಗೆ ಇದು ಮರದ ಮೇಲೇ ಮೊಳೆತು ಬರುವುದಿಲ್ಲ, ಅದಕ್ಕೇ ಹೆಚ್ಚಿನವರು ಇದರ ಗೋಜಿಗೆ ಹೋಗುವುದಿಲ್ಲ. ನಾನು ಆ ಚರಟವನ್ನು ಬಕೆಟ್ ನೀರಿಗೆ ಹಾಕಿ, ದಿನಾ ನೀರು ಬದಲಿಸುತ್ತಾ, ತಿರುಳು ಕೊಳೆತು ಸಡಿಲಾಗುವ ತನಕ ಇಡುತ್ತೇನೆ. ಆಮೇಲೆ ಒದ್ದೆ ಗೋಣಿಯ ಮೇಲೆ ಹಗುರವಾಗಿ ಉಜ್ಜಿ ತೊಳೆದರೆ ಬೀಜ ಬಿಡಿಯಾಗುತ್ತದೆ. ಬಿಸಿಲಿಗೆ ಒಣಗಿಸುವ ಹಾಗಿಲ್ಲ, ಡಬ್ಬಿಯಲ್ಲಿ ತುಂಬಿಡುವ ಹಾಗೂ ಇಲ್ಲ. ತೊಳೆದ ಕೂಡಲೇ ಬಿತ್ತಬೇಕು.

ಮಡಿ ಮಾಡುವುದು ಭರತದ ನೀರು ಬಂದು ತೋಯಿಸಿ ಹೋಗುವ, ಆದರೆ ಹೊತ್ತುಗಟ್ಟಲೆ ನಿಲ್ಲದ ಅಂಚಿನಲ್ಲಿ. ಹೊಳೆಯ ನುಣ್ಣನೆ ಕೆಸರು ಹರಡಿ, ಬೀಜ ಚೆಲ್ಲಿ, ಅಂಗೈಯಿಂದ ಒತ್ತಿದರೆ ಸಾಕು, ಹೂಳಬಾರದು. ಮೇಲೆ ಹಳೆಯ ಸೊಳ್ಳೆಪರದೆ ಎಳೆದು ನಾಲ್ಕೂ ಕಡೆ ಗೂಟ ಹೊಡೆಯಬೇಕು. ಪರದೆ ಇಲ್ಲದ ಮಡಿಯ ಬೀಜವನ್ನು ಇಳಿತವೇ ಎಳೆದುಕೊಂಡು ಹೋಗುತ್ತದೆ. ಬಿತ್ತನೆಗೆ ಮಳೆಗಾಲದ ಹಣ್ಣನ್ನೇ ಬಳಸುತ್ತೇನೆ, ಮೊಳಕೆಯ ಹೊತ್ತಿನಲ್ಲಿ ಉಪ್ಪು ಕಡಿಮೆ ಇದ್ದಷ್ಟೂ ಲೇಸು. ನಾಲ್ಕೆಲೆ ಬಂದ ಮೇಲೆ ಕೆಸರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ವರ್ಗ. ಈ ಹಂತದಲ್ಲಿ ಕಾಟ ಕೊಡುವುದು ಏಡಿ, ಎಳೆ ಕಾಂಡವನ್ನು ಕತ್ತರಿಸಿ ಹಾಕುತ್ತದೆ. ಚೀಲಗಳನ್ನು ಬಿದಿರಿನ ಅಟ್ಟಣಿಗೆಯ ಮೇಲೆ ಇಟ್ಟ ಮೇಲೆ ಆ ರಗಳೆ ಕಡಿಮೆಯಾಯಿತು.

ಮೊಣಕಾಲೆತ್ತರವಾದ ಸಸಿಯನ್ನು ಚೀಲ ಹರಿದು ತೆಗೆದೇ ನೆಡಬೇಕು, ಇಲ್ಲವಾದರೆ ಪ್ಲಾಸ್ಟಿಕ್ ಎಲ್ಲ ಹೊಳೆಗೆ. ಜಾಗ ಬಂಡಿನ ಹೊರಬುಡ. ಗಜನಿಯ ಒಳಗೆ ಬೇಡವೇ ಬೇಡ: ಕೆಸರಿನಿಂದ ಮೇಲೆದ್ದು ಬರುವ ಇದರ ಉಸಿರುಬೇರು ಗದ್ದೆಯನ್ನೇ ನುಂಗುತ್ತದೆ, ಕಾಂಡ್ಲಾಕ್ಕೂ ರೈತರಿಗೂ ಜಗಳ ಹತ್ತುವುದು ಅಲ್ಲೇ. ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಮರಳು ದಿಣ್ಣೆಯ ಮೇಲೂ ನೆಡಬಾರದು. ಅದು ಹೆಂಗಸರ ದುಡಿಮೆಯ ಜಾಗ, ಮರಕ್ಕೂ ಅಲ್ಲಿ ಕೆಸರು ಸಾಲದು. ಕಾಳಿ, ಶರಾವತಿ ದಂಡೆಯವರು ಮಾಡಿನೋಡುವುದಿದ್ದರೆ ಮೊದಲು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಹೊಳೆನೀರನ್ನು ನಾಲಿಗೆಗೆ ಹಚ್ಚಿ ನೋಡಲಿ. ಮಳೆಗಾಲದಲ್ಲೂ ಉಪ್ಪುಪ್ಪಾಗಿಯೇ ಇದ್ದರೆ ಕೋಡಿನ ಕಾಂಡ್ಲಾವೇ ಸರಿ.