ಬಳ್ಳಾರಿಯಲ್ಲಿ ಕೂತು ಮಾಂಗಾ ಮೇಲೆ ಪಿಎಚ್‌ಡಿ ಮಾಡೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ನೂರಾರು ಮಾಂಗಾ (ಜಪಾನಿ ಕಾಮಿಕ್ಸ್) ಓದಿದ್ದೀರಿ ಅಂತ ಯಾರೂ ನಿಮಗೆ ಪಿಎಚ್‌ಡಿ ಸೀಟು ಕೊಡುವುದಿಲ್ಲ. ನಾನೂ ಅದೇ ಭ್ರಮೆಯಲ್ಲಿ ಹೋಗಿದ್ದೆ. ನನ್ನ ಮೊದಲ ಸಿನಾಪ್ಸಿಸ್‌ನ, ಅಂದರೆ ಸಂಶೋಧನಾ ಪ್ರಸ್ತಾವದ ಹೆಸರು 'ಜಪಾನಿ ಕಾಮಿಕ್ಸ್‌ನಲ್ಲಿ ರಾಜಕೀಯ ಚಿಂತನೆ'. ಸಂದರ್ಶನದಲ್ಲಿ ಒಬ್ಬರು 'ಅದು ಮಕ್ಕಳು ಓದೋದಲ್ವಾ' ಅಂತ ನಕ್ಕರು. ಇನ್ನೊಬ್ಬರು ನಗಲಿಲ್ಲ. 'ಯಾವ ಕಾಮಿಕ್ಸು, ಯಾವ ವರ್ಷದ್ದು, ಯಾವ ರಾಜಕೀಯ?' ಅಂತ ಕೇಳಿ ಸುಮ್ಮನಾದರು. ನಕ್ಕವರ ಮೇಲೆ ಸಿಟ್ಟು ಬಂದಿತ್ತು, ಆದರೆ ನನ್ನ ಒಂದು ವರ್ಷ ಹೋಗಿದ್ದು ಆ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲದ್ದಕ್ಕೆ.

ಹಾಗಾಗಿ ಮೊದಲ ಕೆಲಸ, ವಿಷಯವನ್ನು ಸಣ್ಣದು ಮಾಡಿ. ಒಬ್ಬ ಲೇಖಕ, ಇಲ್ಲಾ ಒಂದು ಪತ್ರಿಕೆ, ಇಲ್ಲಾ ಒಂದು ಜಗಳ. ಅಷ್ಟೇ ಸಾಕು.

ಉದಾಹರಣೆಗೆ 'ಹದಾಶಿ ನೊ ಗೆನ್' ತಗೊಳ್ಳಿ, ಅಂದರೆ ಬರಿಗಾಲ ಗೆನ್. ಬರೆದವರು ನಕಾಜಾವಾ ಕೇಜಿ. 1945ರಲ್ಲಿ ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಅವರಿಗೆ 6 ವರ್ಷ. ಈ ಕಥೆ 1973ರಲ್ಲಿ ಶುರುವಾಗಿದ್ದು ಹುಡುಗರ ವಾರಪತ್ರಿಕೆ 'ಶೋನೆನ್ ಜಂಪ್'ನಲ್ಲಿ. ಆಮೇಲೆ ಅದು ಅಲ್ಲಿಂದ ಹೊರಬಿದ್ದು ಬೇರೆ ಪತ್ರಿಕೆಗಳಿಗೆ ಹೋಯಿತು, ಅದರಲ್ಲಿ ಒಂದು ಕಮ್ಯುನಿಸ್ಟ್ ಪಕ್ಷದ್ದು, ಇನ್ನೊಂದು ಶಿಕ್ಷಕರ ಸಂಘದ್ದು. ಅದೇ ಹುಡುಗ, ಅದೇ ಊರು, ಓದುಗರು ಮಾತ್ರ ಬೇರೆ. ಹಾಗಾದರೆ ಯುದ್ಧಕ್ಕೆ ಚಕ್ರವರ್ತಿಯ ಹೊಣೆಗಾರಿಕೆ ಬಗ್ಗೆ ಗೆನ್ ಆಡುವ ಮಾತು ಪತ್ರಿಕೆ ಬದಲಾದ ಹಾಗೆ ಬದಲಾಯಿತಾ? ಇದು ಸಂಶೋಧನೆಯ ಪ್ರಶ್ನೆ. 'ಗೆನ್ ಯುದ್ಧವಿರೋಧಿ ಕೃತಿ' ಅನ್ನೋದು ಪ್ರಶ್ನೆಯಲ್ಲ, ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆಯುವ ಮಾತು. ಆ ಜಗಳ ಅಲ್ಲಿಗೆ ಮುಗಿದೂ ಇಲ್ಲ. ಮಾತ್ಸುಎ ನಗರದ ಶಾಲಾ ಲೈಬ್ರರಿಗಳಲ್ಲಿ ಮಕ್ಕಳ ಕೈಗೆ ಇದು ಸುಲಭವಾಗಿ ಸಿಗಬಾರದು ಅಂತ 2012ರಲ್ಲಿ ಅಲ್ಲಿನ ಶಿಕ್ಷಣ ಮಂಡಳಿಯವರು ಹೇಳಿದರು, 2013ರ ಆಗಸ್ಟ್‌ನಲ್ಲಿ ದೊಡ್ಡ ಗಲಾಟೆಯಾಗಿ ಅದನ್ನು ವಾಪಸ್ ತಗೊಂಡರು. 2023ರಲ್ಲಿ ಹಿರೋಶಿಮಾ ನಗರವೇ ತನ್ನ ಶಾಂತಿ ಪಾಠದ ಪುಸ್ತಕದಿಂದ ಇದನ್ನು ಕೈಬಿಟ್ಟಿತು. ಒಂದು ಥೀಸಿಸ್‌ಗೆ ಇಷ್ಟು ಸಾಮಗ್ರಿ ಧಾರಾಳ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆದಿದ್ದು. ರಾಜಕೀಯವನ್ನು ಕಥೆಯ ಒಳಗಷ್ಟೇ ಹುಡುಕಬೇಡಿ, ಓದಿದವರು ಯಾರು ಅಂತ ನೋಡಿ. 'ಅಶಿತಾ ನೊ ಜೋ' (ನಾಳೆಯ ಜೋ) 1968ರಲ್ಲಿ ಶುರುವಾದ ಬಾಕ್ಸಿಂಗ್ ಕಥೆ. ಬಡ ಹುಡುಗ, ಗುದ್ದಾಟ, ಸೋಲು, ಗೆಲುವು. ಆದರೆ 1970ರ ಮಾರ್ಚ್ 31ರಂದು ವಿಮಾನ ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದ ರೆಡ್ ಆರ್ಮಿ ಬಣದ (ಜಪಾನಿನ ಉಗ್ರ ಎಡಪಂಥೀಯ ಗುಂಪು) ಯುವಕರು ತಮ್ಮ ಹೇಳಿಕೆಯಲ್ಲಿ 'ನಾವೇ ಅಶಿತಾ ನೊ ಜೋ' ಅಂತ ಬರೆದರು. ಅಂದರೆ ಆ ರಾಜಕೀಯದಲ್ಲಿ ಅರ್ಧ ಪಾಲು ಓದಿದವರದ್ದು.

ನಮ್ಮ ಕಡೆಯವರಿಗೆ ಜಾಸ್ತಿ ನಾಟೋದು ಬಹುಶಃ ಶಿರಾತೊ ಸಾನ್‌ಪೇ ಬರೆದ 'ಕಾಮುಯಿ ದೆನ್'. 1964ರಿಂದ 1971ರವರೆಗೆ 'ಗಾರೊ' ಪತ್ರಿಕೆಯಲ್ಲಿ ಬಂತು. ಕಾಮುಯಿ ಹುಟ್ಟಿದ್ದು ಹಿನಿನ್ ಕೇರಿಯಲ್ಲಿ, ಹಿನಿನ್ ಅಂದರೆ ಮನುಷ್ಯರಲ್ಲದವರು ಅಂತ ಅರ್ಥ. ರೈತರ ದಂಗೆ, ಕೇರಿ, ಒಡೆಯರು ಮೇಲುಕೀಳನ್ನು ಬಳಸಿಕೊಂಡು ಬಡವರನ್ನು ಬಡವರ ಮೇಲೆ ಎತ್ತಿಕಟ್ಟುವುದು, ಎಲ್ಲ ಓದುತ್ತಾ ಇದು ನಮ್ಮೂರಿನದೇ ಅಲ್ವಾ ಅನಿಸುತ್ತದೆ. ಅಲ್ಲೇ ಹುಷಾರಾಗಿರಿ. ನಮ್ಮ ಜಾತಿಯನ್ನು ತಗೊಂಡು ಹೋಗಿ ಅವರ ಪುಟದ ಮೇಲೆ ಅಂಟಿಸಬೇಡಿ. ಅಲ್ಲಿ 1871ರಲ್ಲಿ ಸರ್ಕಾರಿ ಆದೇಶದಿಂದಲೇ ಆ ಸ್ಥಾನಮಾನ ರದ್ದಾಯಿತು, ಭೇದಭಾವ ಮಾತ್ರ ಉಳಿಯಿತು. ಎರಡರ ಚರಿತ್ರೆ ಬೇರೆ ಬೇರೆ. ಹೋಲಿಸಿ, ಆದರೆ ಕಲಸಬೇಡಿ.

ಹಾಗೇ ನಿಮಗೆ ಇಷ್ಟವಾದ ಎಡಪಂಥೀಯರನ್ನಷ್ಟೇ ಓದಿದರೆ ಅದು ಭಜನೆ, ಸಂಶೋಧನೆಯಲ್ಲ. ಕೊಬಾಯಾಶಿ ಯೊಶಿನೊರಿ 1998ರಲ್ಲಿ ತಂದ 'ಸೆನ್ಸೋರೋನ್' (ಯುದ್ಧದ ಬಗ್ಗೆ) ನೋಡಿ. ತನ್ನನ್ನೇ ಪಾತ್ರವಾಗಿ ಬರೆದುಕೊಂಡು, ಓದುಗರ ಮುಖಕ್ಕೆ ಬೆರಳು ತೋರಿಸಿ, ಜಪಾನ್ ಮಾಡಿದ ಯುದ್ಧವನ್ನು ಸಮರ್ಥಿಸುತ್ತಾರೆ. ನನಗೆ ಓದಲು ಕಷ್ಟವಾಯಿತು. ಆದರೆ ಮಾಂಗಾದಲ್ಲಿ ವಾದ ಮಾಡೋದು ಹೇಗೆ ಅಂತ ಅದರಿಂದ ಕಲಿತಷ್ಟು ಬೇರೆಯದರಿಂದ ಕಲಿಯಲಿಲ್ಲ.

ಪುಟ ಓದುವ ರೀತಿಗೆ ಬರೋಣ. ಮಾಂಗಾ ಬಲದಿಂದ ಎಡಕ್ಕೆ ಓದಬೇಕು, ಇದು ನಿಮಗೆ ಗೊತ್ತು. ಹಳೆಯ ಇಂಗ್ಲಿಷ್ ಅನುವಾದಗಳಲ್ಲಿ ಪುಟವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಮಾಂಗಾ ಲೇಖಕ ಮಿಜುಕಿ ಶಿಗೆರು ಯುದ್ಧದಲ್ಲಿ ಎಡಗೈ ಕಳೆದುಕೊಂಡವರು. ಅವರು ತಮ್ಮನ್ನೇ ಬರೆದುಕೊಂಡ ಪುಟವನ್ನು ಹಾಗೆ ತಿರುಗಿಸಿದರೆ ಹೋದದ್ದು ಬಲಗೈ ಆಗುತ್ತದೆ! ಯಾವ ಆವೃತ್ತಿ ಓದುತ್ತಿದ್ದೀರಿ ಅಂತ ಬರೆದಿಡಿ ಅನ್ನೋದು ಇದಕ್ಕೇ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಪುಟಕ್ಕೂ ಎಷ್ಟು ಚೌಕಟ್ಟು, ಎಷ್ಟರಲ್ಲಿ ಮಾತೇ ಇಲ್ಲ, ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಯಾರ ಮುಖ ಕಾಣುತ್ತಿಲ್ಲ ಅಂತ ಗುರುತು ಹಾಕಿ. ಬೇಜಾರಿನ ಕೆಲಸ, ಬಳ್ಳಾರಿ ಏಪ್ರಿಲ್ ಬಿಸಿಲಲ್ಲಿ ಇನ್ನೂ ಬೇಜಾರು. ನನ್ನ ಅತ್ಯುತ್ತಮ ಅಧ್ಯಾಯ ಹುಟ್ಟಿದ್ದು ಮಾತಿಲ್ಲದ ಚೌಕಟ್ಟುಗಳನ್ನು ಎಣಿಸುವಾಗ.

ಜಪಾನಿ ಭಾಷೆ ಕಲಿಯದೆ ಆಗುತ್ತಾ ಅಂತ ರಾಯಚೂರಿನ ಗೆಳೆಯ ಕೇಳಿದ. ಇಲ್ಲಪ್ಪ, ಆಗಲ್ಲ. ಜೆಎಲ್‌ಪಿಟಿ ಅನ್ನೋ ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಮೆಟ್ಟಿಲು, ಬೆಂಗಳೂರಿನಲ್ಲಿ ಸೆಂಟರ್ ಇದೆ, ಇಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ಹುಡುಗರ ಪತ್ರಿಕೆಗಳಲ್ಲಿ ಕಷ್ಟದ ಅಕ್ಷರದ ಪಕ್ಕದಲ್ಲೇ ಉಚ್ಚಾರ ಸಣ್ಣದಾಗಿ ಅಚ್ಚಾಗಿರುತ್ತದೆ, ಅಲ್ಲಿಂದ ಶುರು ಮಾಡಿ. ಇಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ಜಪಾನಿಯಲ್ಲಿ ಯಾರು ಯಾರಿಗೆ ಹೇಗೆ ಮಾತಾಡಿದರು ಅನ್ನೋದರಲ್ಲೇ ಮೇಲುಕೀಳು ಇರುತ್ತದೆ, ಇಂಗ್ಲಿಷ್‌ನಲ್ಲಿ ಅದು ಸವೆದುಹೋಗುತ್ತದೆ. ನಮಗೆ 'ನೀನು', 'ನೀವು', 'ತಾವು', 'ಲೇ' ಎಲ್ಲ ಇದೆ. ಟಿಪ್ಪಣಿಗೆ ಕನ್ನಡ ಅನುವಾದವನ್ನೇ ಬರೆದುಕೊಳ್ಳಿ, ಸೈನಿಕ ಅಧಿಕಾರಿಗೆ ದನಿ ಏರಿಸಿದ ಕ್ಷಣ ಅಲ್ಲಿ ಕಾಣುತ್ತದೆ.

ಇನ್ನು ಕಾಗದಪತ್ರ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ ಇದೆ, ರಾಯಚೂರು, ಕೊಪ್ಪಳಕ್ಕೂ ಈಗ ತಮ್ಮದೇ ವಿವಿಗಳಿವೆ. ರಾಜ್ಯಶಾಸ್ತ್ರ, ಇತಿಹಾಸ, ಪತ್ರಿಕೋದ್ಯಮ, ಇಂಗ್ಲಿಷ್, ಎಲ್ಲಿ ಬೇಕಾದರೂ ಈ ವಿಷಯ ಕೂರುತ್ತದೆ. ಗೈಡ್‌ಗೆ ಮಾಂಗಾ ಗೊತ್ತಿರಬೇಕಿಲ್ಲ, ರಾಜಕೀಯ ಚಿಂತನೆ ಗೊತ್ತಿದ್ದರೆ ಸಾಕು. ಜಪಾನ್ ಬಲ್ಲ ಕೋ-ಗೈಡ್ ಒಬ್ಬರನ್ನು ಹುಡುಕಿ. 2022ರ ಯುಜಿಸಿ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಕೋರ್ಸ್‌ವರ್ಕ್ ಅದರಲ್ಲೇ ಸೇರಿದೆ. ನೌಕರಿಯಲ್ಲಿದ್ದರೆ ಪಾರ್ಟ್‌ಟೈಮ್ ಮಾಡಬಹುದು, ಕೆಲಸ ಕೊಟ್ಟವರ ಎನ್‌ಒಸಿ (ಒಪ್ಪಿಗೆ ಪತ್ರ) ಬೇಕು. ಜೆಆರ್‌ಎಫ್ (ಸಂಶೋಧಕರ ಫೆಲೋಶಿಪ್) ಆದರೆ ತಿಂಗಳಿಗೆ 37,000 ರೂಪಾಯಿ, ಜಪಾನಿ ಪುಸ್ತಕಗಳ ಅಂಚೆ ಖರ್ಚು ನೋಡಿದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ.

ಸಾಮಗ್ರಿ ವಿಷಯದಲ್ಲಿ ಕದ್ದ ಸ್ಕ್ಯಾನ್ ನಂಬಬೇಡಿ. ಕಾನೂನು ಒಂದು ಕಡೆ ಇರಲಿ, ಅದರಲ್ಲಿ ಪತ್ರಿಕೆಯ ಜಾಹೀರಾತು ಇರಲ್ಲ, ಓದುಗರ ಪತ್ರ ಇರಲ್ಲ. ಪುಸ್ತಕವಾಗಿ ಬರುವಾಗ ಲೇಖಕರು ಪುಟಗಳನ್ನು ತಿದ್ದುವುದೂ ಉಂಟು. ಯಾವ ಲೇಖನ ಯಾವ ಜರ್ನಲ್‌ನಲ್ಲಿದೆ ಅಂತ ಸೈನೀ (CiNii), ಜೆ-ಸ್ಟೇಜ್ (J-STAGE) ಅನ್ನೋ ಜಪಾನಿ ತಾಣಗಳಲ್ಲಿ ಮನೆಯಿಂದಲೇ ಹುಡುಕಬಹುದು. ಮೂಲ ಪತ್ರಿಕೆ ಬೇಕೆಂದರೆ ಕ್ಯೋಟೊದ ಮಾಂಗಾ ಮ್ಯೂಸಿಯಂ ಇದೆ. 2006ರಲ್ಲಿ ಹಳೆಯ ಶಾಲಾ ಕಟ್ಟಡದಲ್ಲಿ ಶುರುವಾಗಿದ್ದು, ಸುಮಾರು 3 ಲಕ್ಷ ವಸ್ತುಗಳಿವೆ. ಹೋಗಲು ಜಪಾನ್ ಸರ್ಕಾರದ ಮೆಕ್ಸ್ಟ್ (MEXT) ಸ್ಕಾಲರ್‌ಶಿಪ್‌ಗೆ ರಾಯಭಾರ ಕಚೇರಿ ಮೂಲಕ ಅರ್ಜಿ ಹಾಕಿ.

'ಬಳ್ಳಾರಿಗೂ ಇದಕ್ಕೂ ಏನು ಸಂಬಂಧ?' ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮಿಜುಕಿ, ಶಿರಾತೊ ಇಬ್ಬರೂ ಮಾಂಗಾಕ್ಕೆ ಬರುವ ಮುಂಚೆ ಕಾಮಿಶಿಬಾಯಿಗೆ ಚಿತ್ರ ಬರೆಯುತ್ತಿದ್ದರು. ಬೀದಿಯಲ್ಲಿ ಚಿತ್ರ ಒಂದೊಂದೇ ತೆಗೆದು ಕಥೆ ಹೇಳುವ ಆಟ ಅದು. ನಾನು ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯ ಹೆಸರು ಹೇಳಿದೆ, ಗೊಂಬೆಯಲ್ಲೇ ಗಾಂಧಿ ಕಥೆ ಆಡಿಸಿದವರು. ಆಮೇಲೆ ಆ ಕೋಣೆಯಲ್ಲಿ ಯಾರೂ 'ಮಕ್ಕಳದ್ದು' ಅನ್ನಲಿಲ್ಲ.

ಕೊನೆಯದು, ಪ್ರಿಂಟ್. ಚರ್ಚೆಗೆ ಬೇಕಾದಷ್ಟು ಚೌಕಟ್ಟನ್ನು ಥೀಸಿಸ್‌ನಲ್ಲಿ ಹಾಕಬಹುದು, ಪುಸ್ತಕ ಮಾಡುವಾಗ ಪ್ರಕಾಶಕರ ಅನುಮತಿ ಕೇಳಬೇಕಾಗುತ್ತದೆ. ಮಾಂಗಾದ ಬೂದು ಬಣ್ಣ ನಿಜವಾಗಿ ಸಣ್ಣ ಸಣ್ಣ ಚುಕ್ಕಿ, ಜೆರಾಕ್ಸ್ ಅಂಗಡಿಯಲ್ಲಿ ಅದು ಕಪ್ಪು ಮಸಿಯಾಗುತ್ತದೆ, ಇಲ್ಲಾ ಅಲೆ ಅಲೆಯಾಗುತ್ತದೆ. ಐದು ಪ್ರತಿ ಬೈಂಡ್ ಮಾಡಿಸುವ ಮುಂಚೆ ಒಂದೇ ಒಂದು ಪುಟ ಪ್ರಿಂಟ್ ತೆಗೆಸಿ, ಅಂಗಡಿಯಿಂದ ಹೊರಗೆ ತಂದು ಬಿಸಿಲಲ್ಲಿ ಹಿಡಿದು ನೋಡಿ.